ಅಲುಗುವ ಕಣ್ಣು, ಓರೆಯಾದ ತಲೆ

ಮಕ್ಕಳೇ, ಹುಣಸಗಿಯಿಂದ ನಾರಾಯಣಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಒಂದು ಕೆಲಸ ಮಾಡಿ. ಕಿಟಕಿಯ ಪಕ್ಕ ಕುಳಿತ ಗೆಳೆಯನಿಗೆ ಹೊರಗಿನ ಬೇವಿನ ಮರ, ಲೈಟಿನ ಕಂಬಗಳನ್ನು ಒಂದೊಂದಾಗಿ ನೋಡುತ್ತಾ ಹೋಗಲು ಹೇಳಿ. ನೀವು ಹೊರಗೆ ನೋಡಬೇಡಿ, ಅವನ ಕಣ್ಣನ್ನೇ ನೋಡಿ. ಕಣ್ಣು ಒಂದು ಕಂಬವನ್ನು ಮೆಲ್ಲಗೆ ಹಿಂಬಾಲಿಸುತ್ತದೆ. ಕಂಬ ಮರೆಯಾಗುತ್ತಲೇ ತಟ್ಟನೆ ತಿರುಗಿ ಹಾರಿ ಮುಂದಿನ ಕಂಬವನ್ನು ಹಿಡಿಯುತ್ತದೆ. ಹೀಗೆ ಮತ್ತೆ ಮತ್ತೆ. ನಿಮ್ಮ ಗೆಳೆಯನಿಗೆ ಇದು ಗೊತ್ತೇ ಆಗುವುದಿಲ್ಲ. ಬಸವಸಾಗರ ಆಣೆಕಟ್ಟಿನ ಬಳಿ ಬಸ್ಸು ನಿಂತಾಗ ಕಣ್ಣೂ ನಿಲ್ಲುತ್ತದೆ.

ಕೆಲವು ಮಕ್ಕಳ ಕಣ್ಣು ಬಸ್ಸು ಇಲ್ಲದೆಯೂ ಹೀಗೆ ಅಲುಗುತ್ತಿರುತ್ತದೆ. ಹುಟ್ಟಿದ ಮೊದಲ ಆರು ತಿಂಗಳಲ್ಲೇ ಇದು ಶುರುವಾಗುತ್ತದೆ. ಎರಡೂ ಕಣ್ಣು ಒಟ್ಟಿಗೆ, ಹೆಚ್ಚಾಗಿ ಎಡಕ್ಕೂ ಬಲಕ್ಕೂ, ತಾವಾಗಿಯೇ ಓಡಾಡುತ್ತವೆ. ವೈದ್ಯರು ಇದನ್ನು ನಿಸ್ಟಾಗ್ಮಸ್ ಎನ್ನುತ್ತಾರೆ.

ಹಲವು ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿಯ ಹುಡುಗನೊಬ್ಬ ಯಾವಾಗಲೂ ಮುಖವನ್ನು ಎಡಕ್ಕೆ ತಿರುಗಿಸಿ, ಕಣ್ಣಿನ ಬಲ ಅಂಚಿನಿಂದ ಬೋರ್ಡು ನೋಡುತ್ತಿದ್ದ. ನನಗೆ ಅದು ಉದ್ಧಟತನವಾಗಿ ಕಂಡಿತು. ಅವನ ಗಲ್ಲ ಹಿಡಿದು ಮುಖ ನೆಟ್ಟಗೆ ಮಾಡಿದೆ. "ನೆಟ್ಟಗ ನೋಡಿದ್ರ ಅಕ್ಷರ ಕಾಣ್ಸಂಗಿಲ್ರಿ ಸರ್" ಎಂದ. ಎಂ.ಎಸ್ಸಿ. ಓದಿದ್ದ ನನಗಿಂತ ತನ್ನ ಕಣ್ಣಿನ ವಿಜ್ಞಾನ ಅವನಿಗೆ ಚೆನ್ನಾಗಿ ತಿಳಿದಿತ್ತು.

ಅವನು ಹೇಳಿದ್ದು ಏಕೆ ನಿಜ? ಒಂದು ಪುಸ್ತಕವನ್ನು ಜೋರಾಗಿ ಅಲುಗಿಸುತ್ತಾ ಓದಲು ಪ್ರಯತ್ನಿಸಿ. ಅಕ್ಷರಗಳು ಕಲಸಿಹೋಗುತ್ತವೆ. ನಮ್ಮ ಕಣ್ಣಿನ ಒಳಗೆ ಹಿಂಭಾಗದಲ್ಲಿ ರೆಟಿನಾ ಎಂಬ ಪರದೆ ಇದೆ. ಅದರ ನಡುವಿನ ಒಂದು ಪುಟ್ಟ ಜಾಗದಲ್ಲಿ ಮಾತ್ರ ಸಣ್ಣ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಅಕ್ಷರದ ಬಿಂಬ ಆ ಜಾಗದ ಮೇಲೆ ಕ್ಷಣವಾದರೂ ನಿಲ್ಲಬೇಕು. ಜೋಕಾಲಿ ಎರಡೂ ತುದಿಯಲ್ಲಿ ಒಂದು ಕ್ಷಣ ನಿಂತಂತಾಗುತ್ತದೆಯಲ್ಲವೇ? ಅಲುಗುವ ಕಣ್ಣಿಗೂ ಅಂಥ ನಿಧಾನದ ಕ್ಷಣಗಳುಂಟು. ಆ ಮಗು ಓದುವುದು ಆ ಕ್ಷಣಗಳಲ್ಲಿಯೇ.

ಇನ್ನೊಂದು ವಿಷಯ ಕೇಳಿ. ಇಂಥ ಅನೇಕ ಮಕ್ಕಳಿಗೆ ಕಣ್ಣನ್ನು ಯಾವುದೋ ಒಂದು ದಿಕ್ಕಿಗೆ ತಿರುಗಿಸಿದಾಗ ಅಲುಗಾಟ ತುಂಬಾ ಕಡಿಮೆಯಾಗುತ್ತದೆ. ಇದನ್ನು ಶಾಂತ ಸ್ಥಾನ ಎನ್ನೋಣ. ನಮ್ಮ ಹುಡುಗನ ಶಾಂತ ಸ್ಥಾನ ಬಲಕ್ಕಿತ್ತು. ಎದುರಿನ ಬೋರ್ಡನ್ನು ಬಲಗಡೆಯ ನೋಟದಿಂದ ನೋಡಬೇಕಾದರೆ ಮುಖವನ್ನು ಎಡಕ್ಕೆ ತಿರುಗಿಸಲೇಬೇಕು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವುದೂ ಹೀಗೆಯೇ. ಹತ್ತಿರ ನೋಡುವಾಗ ಎರಡೂ ಕಣ್ಣು ಒಳಕ್ಕೆ ವಾಲುತ್ತವೆ, ಆಗ ಅಲುಗಾಟ ಹಲವರಲ್ಲಿ ತಗ್ಗುತ್ತದೆ.

"ಹಾಗಾದರೆ ಅವನಿಗೆ ಶಾಲೆ, ಮನೆ ಎಲ್ಲಾ ಅಲುಗಾಡಿದಂತೆ ಕಾಣುತ್ತದೆಯೇ?" ಎಂದು ಮಕ್ಕಳು ಕೇಳುತ್ತಾರೆ. ಸಾಮಾನ್ಯವಾಗಿ ಇಲ್ಲ. ಹುಟ್ಟಿನಿಂದ ಜೊತೆಗಿರುವ ಅಲುಗಾಟವನ್ನು ಮಿದುಳು ಲೆಕ್ಕದಿಂದ ಬಿಟ್ಟುಬಿಡುತ್ತದೆ.

ಕಾರಣಗಳು ಹಲವು. ಮೈ, ಕೂದಲಿಗೆ ಬಣ್ಣ ಕೊಡುವ ವಸ್ತು ಕಡಿಮೆ ಇರುವ ಆಲ್ಬಿನಿಸಮ್, ರೆಟಿನಾದ ದೋಷ, ಹುಟ್ಟುವಾಗಲೇ ಇರುವ ಕಣ್ಣಿನ ಪೊರೆ ಇವು ಮುಖ್ಯ. ಕೆಲವರ ಕಣ್ಣಿನಲ್ಲಿ ಬೇರೆ ಯಾವ ದೋಷವೂ ಇರುವುದಿಲ್ಲ. ಕೆಲವು ಮನೆತನಗಳಲ್ಲಿ ಇದಕ್ಕೆ ಕಾರಣವಾದ ಒಂದು ಜೀನನ್ನು ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು. ತಾಯಿ ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದು ಕಾರಣವಲ್ಲ. ಈ ಮಾತನ್ನು ನಮ್ಮ ಕಡೆ ಎಷ್ಟೋ ತಾಯಂದಿರು ಸುಮ್ಮನೆ ಹೊತ್ತುಕೊಂಡಿದ್ದಾರೆ.

ಇದಕ್ಕೆ ಶಸ್ತ್ರಚಿಕಿತ್ಸೆ ಉಂಟೇ? ಉಂಟು, ಆದರೆ ಅದು ಏನು ಮಾಡುತ್ತದೆ ಎಂಬುದನ್ನು ಸರಿಯಾಗಿ ತಿಳಿಯಬೇಕು. ಪ್ರತಿ ಕಣ್ಣುಗುಡ್ಡೆಯನ್ನು ಹೊರಗಿನಿಂದ ಆರು ಸ್ನಾಯುಗಳು ಹಿಡಿದಿವೆ. ಕಣ್ಣನ್ನು ಎಡಕ್ಕೂ ಬಲಕ್ಕೂ ಎಳೆಯುವ ಎರಡು ಸ್ನಾಯುಗಳು ಎತ್ತಿನ ಎರಡು ಬದಿಯ ಹಗ್ಗಗಳಿದ್ದಂತೆ. ಎತ್ತು ಸದಾ ಬಲಕ್ಕೆ ಹೋಗುತ್ತಿದ್ದರೆ ಗಾಡಿ ಹೊಡೆಯುವವನು ಏನು ಮಾಡುತ್ತಾನೆ? ಎಡ ಹಗ್ಗವನ್ನು ಬಿಗಿ ಹಿಡಿದು ಬಲ ಹಗ್ಗವನ್ನು ಸಡಿಲ ಬಿಡುತ್ತಾನೆ. 1953ರಲ್ಲಿ ಆಸ್ಟ್ರೇಲಿಯಾದ ಆಂಡರ್ಸನ್ ಮತ್ತು ಅಮೆರಿಕದಲ್ಲಿದ್ದ ಕೆಸ್ಟೆನ್‌ಬಾಮ್ ಎಂಬ ವೈದ್ಯರು ಬೇರೆ ಬೇರೆಯಾಗಿ ಇಂಥ ಚಿಕಿತ್ಸೆಯನ್ನು ತಿಳಿಸಿದರು. ಆಂಡರ್ಸನ್ ಸ್ನಾಯುಗಳನ್ನು ಸಡಿಲಿಸಿದರು. ಕೆಸ್ಟೆನ್‌ಬಾಮ್ ಒಂದು ಬದಿಯನ್ನು ಸಡಿಲಿಸಿ ಇನ್ನೊಂದು ಬದಿಯನ್ನು ಬಿಗಿಗೊಳಿಸಿದರು.

ನಮ್ಮ ಹುಡುಗನಂಥವರಿಗೆ ಎರಡೂ ಕಣ್ಣಿನ ಬಲಬದಿಯ ಸ್ನಾಯುವನ್ನು ಬಿಡಿಸಿ ಕೆಲವು ಮಿಲಿಮೀಟರ್ ಹಿಂದಕ್ಕೆ ಹೊಲಿಯುತ್ತಾರೆ. ಎಡಬದಿಯದನ್ನು ಅಷ್ಟಿಷ್ಟು ಗಿಡ್ಡ ಮಾಡುತ್ತಾರೆ. ಕಣ್ಣುಗುಡ್ಡೆಯನ್ನು ಹೊರಗೆ ತೆಗೆಯುವುದಿಲ್ಲ, ಅದರ ಒಳಗೆ ಕೈ ಹಾಕುವುದೂ ಇಲ್ಲ. ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟಿರುತ್ತಾರೆ. ಆಮೇಲೆ ಏನಾಗುತ್ತದೆ ನೋಡಿ. ಮಿದುಳು ಹಿಂದಿನಂತೆಯೇ "ಬಲಕ್ಕೆ ನೋಡು" ಎಂಬ ಆಜ್ಞೆ ಕಳಿಸುತ್ತದೆ, ಕಣ್ಣು ಹಿಂದಿನಂತೆಯೇ ಶಾಂತವಾಗುತ್ತದೆ. ಆದರೆ ಈಗ ಅದು ನಿಂತಿರುವುದು ನೇರ ಮುಂದಕ್ಕೆ! ತಲೆ ತಿರುಗಿಸುವ ಅಗತ್ಯ ಕಡಿಮೆಯಾಗುತ್ತದೆ.

ಅಲುಗಾಟ ಪೂರ್ತಿ ನಿಲ್ಲುವುದಿಲ್ಲ. ಅದು ಹುಟ್ಟುವುದು ಕಣ್ಣನ್ನು ನಡೆಸುವ ಮಿದುಳಿನ ವ್ಯವಸ್ಥೆಯಲ್ಲಿ, ಕತ್ತರಿ ಮುಟ್ಟುವುದು ಸ್ನಾಯುವನ್ನು. ಆದರೂ ಈ ಚಿಕಿತ್ಸೆಯಾದವರಲ್ಲಿ ಶಾಂತ ಸ್ಥಾನ ಅಗಲವಾಗಿರುವುದನ್ನು ಡೆಲ್‌ಒಸ್ಸೊ ಎಂಬ ಅಮೆರಿಕದ ವಿಜ್ಞಾನಿ 1970ರ ದಶಕದಲ್ಲಿ ಗಮನಿಸಿದರು. ಸ್ನಾಯುವನ್ನು ಬಿಡಿಸಿ ಅದೇ ಜಾಗಕ್ಕೆ ಮತ್ತೆ ಹೊಲಿದರೂ ಕೆಲವರಿಗೆ ಪ್ರಯೋಜನವಿದೆಯೆಂದು ಅವರೂ ಹರ್ಟಲ್ ಎಂಬ ವೈದ್ಯರೂ 2003ರಲ್ಲಿ ಪ್ರಕಟಿಸಿದರು. ಶಾಂತ ಕ್ಷಣಗಳು ಉದ್ದವಾದಷ್ಟೂ ಓದುವುದು ಸುಲಭ. ರೆಟಿನಾದ ದೋಷ ಮಾತ್ರ ಇದರಿಂದ ಹೋಗದು, ಕನ್ನಡಕವೂ ತಪ್ಪದು. ಕೆಲವರಲ್ಲಿ ತಲೆ ಮತ್ತೆ ಓರೆಯಾಗುವುದೂ ಉಂಟು.

ಶಿಕ್ಷಕರಿಗೆ ಒಂದು ಮಾತು. ಇಂಥ ಮಗುವಿನ ತಲೆಯನ್ನು ನೆಟ್ಟಗೆ ಮಾಡಬೇಡಿ, ಜಾಗವನ್ನು ಬದಲಿಸಿ. ಮುಖವನ್ನು ಎಡಕ್ಕೆ ತಿರುಗಿಸುವ ಮಗುವನ್ನು ಮಕ್ಕಳ ಸಾಲಿನ ಎಡಬದಿಗೆ, ಮುಂದೆ ಕೂರಿಸಿ. ಬೋರ್ಡು ತಾನಾಗಿಯೇ ಅದರ ಬಲಕ್ಕೆ ಬರುತ್ತದೆ. ಓದಲು ಹೆಚ್ಚು ಸಮಯ ಕೊಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಮಗುವನ್ನು ತಪ್ಪದೆ ತೋರಿಸಿ. ಮೊದಲು ಕಾರಣ ಪತ್ತೆಯಾಗಬೇಕು, ಕನ್ನಡಕ ಸಿಗಬೇಕು, ಶಸ್ತ್ರಚಿಕಿತ್ಸೆಯ ಮಾತು ಆಮೇಲೆ. ಅದನ್ನು ಮೆಳ್ಳಗಣ್ಣಿನ ತಜ್ಞರು ನಿರ್ಧರಿಸುತ್ತಾರೆ. 1896ರಲ್ಲಿ ಆರಂಭವಾದ ಬೆಂಗಳೂರಿನ ಮಿಂಟೊ ಸರ್ಕಾರಿ ಕಣ್ಣಾಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಅವರು ಸಿಗುತ್ತಾರೆ. ಇಷ್ಟು ದಿನ ಚೆನ್ನಾಗಿದ್ದ ಮಗುವಿನ ಕಣ್ಣು ಹೊಸದಾಗಿ ಅಲುಗತೊಡಗಿದರೆ ತಂಡ ಬರುವವರೆಗೆ ಕಾಯಬೇಡಿ. ಅದು ಬೇರೆ ಕಾಯಿಲೆಯ ಗುರುತಿರಬಹುದು, ತಕ್ಷಣ ಆಸ್ಪತ್ರೆಗೆ ಕಳಿಸಿ.

ಮಾಡಿ ನೋಡಿ: ಒಂದು ರಬ್ಬರ್ ಚೆಂಡಿನ ಮೇಲೆ ಕಪ್ಪು ಪಾಪೆ ಬರೆಯಿರಿ. ಅದರ ಎರಡು ಬದಿಗೆ ಒಂದೊಂದು ದಾರ ಅಂಟಿಸಿ. ಪಾಪೆ ನಿಮ್ಮಂತೆಯೇ ಮುಂದಕ್ಕೆ ನೋಡುವಂತೆ ಚೆಂಡನ್ನು ಬಟ್ಟಲಿನಲ್ಲಿಟ್ಟು ಹಿಂದಿನಿಂದ ದಾರಗಳನ್ನು ಹಿಡಿಯಿರಿ. ಎಡ ದಾರವನ್ನು ಎಳೆದು ಬಲ ದಾರವನ್ನು ಸಡಿಲಿಸಿದರೆ ಪಾಪೆ ಯಾವ ಕಡೆ ತಿರುಗುತ್ತದೆ? ಮುಖವನ್ನು ಬಲಕ್ಕೆ ತಿರುಗಿಸುವ ಮಗುವಾದರೆ ಯಾವ ದಾರವನ್ನು ಗಿಡ್ಡ ಮಾಡಬೇಕು?