‘ಇನ್‌ಸ್ಟಿಂಕ್ಟಿವ್‌ಲಿ’ ಪದದ ಬಳಕೆ

ಆಲೋಚನೆಯಿಲ್ಲದೆ, ಸಹಜ ಪ್ರೇರಣೆಯಿಂದ ತಾನಾಗಿ ನಡೆಯುವ ಕ್ರಿಯೆಯನ್ನು ಇಂಗ್ಲಿಷಿನಲ್ಲಿ ತಿಳಿಸುವ ಕ್ರಿಯಾವಿಶೇಷಣವೇ ‘ಇನ್‌ಸ್ಟಿಂಕ್ಟಿವ್‌ಲಿ’. ‘ಪ್ರಚೋದಿಸು’ ಎಂಬ ಅರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಇದು ಬಂದಿದೆ.

ಚೆನ್ನೈ ಕಡಲತೀರದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಮರಿಗಳು ಯಾರೂ ಕಲಿಸದೆಯೇ ಬೆಳಕಿನತ್ತ ತೆವಳುತ್ತವೆ. ಇದನ್ನು ‘ದಿ ಹ್ಯಾಚ್‌ಲಿಂಗ್ಸ್ ಇನ್‌ಸ್ಟಿಂಕ್ಟಿವ್‌ಲಿ ಮೂವ್ ಟುವರ್ಡ್ಸ್ ಲೈಟ್’ ಎನ್ನಬಹುದು. ಬೀದಿದೀಪಗಳು ಅವುಗಳ ದಾರಿ ತಪ್ಪಿಸುವುದೂ ಈ ಪ್ರವೃತ್ತಿಯಿಂದಲೇ.

ಅಭ್ಯಾಸಬಲದಿಂದ ಮನುಷ್ಯರು ಮಾಡುವ ಕ್ರಿಯೆಗೂ ಈ ಪದ ಸಲ್ಲುತ್ತದೆ. ಸಾಮಾನ್ಯವಾಗಿ ಇದನ್ನು ಮುಖ್ಯ ಕ್ರಿಯಾಪದಕ್ಕೆ ಮೊದಲು ಇಡಬೇಕು: ‘ದಿ ಡ್ರೈವರ್ ಇನ್‌ಸ್ಟಿಂಕ್ಟಿವ್‌ಲಿ ಪ್ರೆಸ್ಡ್ ದಿ ಬ್ರೇಕ್’. ಸಹಾಯಕ ಕ್ರಿಯಾಪದವಿದ್ದಲ್ಲಿ ಅದರ ನಂತರ ಬರುತ್ತದೆ: ‘ಷಿ ಹ್ಯಾಡ್ ಇನ್‌ಸ್ಟಿಂಕ್ಟಿವ್‌ಲಿ ಕ್ಲೋಸ್ಡ್ ಹರ್ ಐಸ್’.

‘ಸಡನ್‌ಲಿ’ ಎಂದರೆ ಹಠಾತ್ತನೆ. ಅದು ಕಾರಣವನ್ನು ತಿಳಿಸದು. ‘ಡೆಲಿಬರೇಟ್‌ಲಿ’ ಎಂದರೆ ಉದ್ದೇಶಪೂರ್ವಕವಾಗಿ. ಇದು ನಮ್ಮ ಪದಕ್ಕೆ ನೇರ ವಿರುದ್ಧ. ಹೊರನಾಡಿನಲ್ಲಿ ದುಡಿಯುವ ಕನ್ನಡಿಗರು ಕಾರ್ಖಾನೆಯ ಅಪಘಾತ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ಈ ಭೇದವನ್ನು ನೆನಪಿನಲ್ಲಿಡಬೇಕು. ಪ್ರಾಣಭಯದಿಂದ ಯಂತ್ರವನ್ನು ತಟಕ್ಕನೆ ನಿಲ್ಲಿಸಿದವನ ಬಗ್ಗೆ ‘ಡೆಲಿಬರೇಟ್‌ಲಿ’ ಎಂದು ಬರೆದರೆ, ನಷ್ಟವನ್ನು ಬೇಕೆಂದೇ ಉಂಟುಮಾಡಿದನೆಂಬ ಅರ್ಥ ಬರಬಹುದು. ಇತರರು ಬರೆದ ವರದಿಯಾದರೆ, ಸಹಿ ಮಾಡುವ ಮುನ್ನ ಪ್ರತಿಯೊಂದು ಪದದ ಅರ್ಥವನ್ನು ಕೇಳಿ ತಿಳಿದುಕೊಳ್ಳುವುದು ಲೇಸು.

ಅಭ್ಯಾಸ: ಇಂಗ್ಲಿಷಿನಲ್ಲಿ ಬರೆಯಿರಿ.
1. ಮಗು ಬೀಳುವುದನ್ನು ಕಂಡು ತಾಯಿ ತನಗರಿವಿಲ್ಲದೆಯೇ ಕೈ ಚಾಚಿದಳು.
2. ಅವನು ಬೇಕೆಂದೇ ಬಾಗಿಲು ಮುಚ್ಚಿದನು.