ಹಿರಿಯರ ಕ್ಯಾನ್ಸರ್ ಶಸ್ತ್ರಚಿಕಿತ್ಸೆ: ಉಳಿದ ಕಾಯಿಲೆಗಳನ್ನು ಮುಚ್ಚಿಡಬೇಡಿರಿ

ತಾಯಿಗೋ ತಂದೆಗೋ ಕ್ಯಾನ್ಸರ್ ಎಂದು ತಿಳಿದಾಗ ಮನೆಯವರೆಲ್ಲರ ಚಿಂತೆ ಗಡ್ಡೆಯ ಮೇಲೆಯೇ ಇರುತ್ತದೆ. ಹಲವು ವರ್ಷಗಳಿಂದ ಇರುವ ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಮರೆತುಹೋಗುತ್ತವೆ. ಆದರೆ ಅರಿವಳಿಕೆ ವೈದ್ಯರಿಗೆ ಇವೆಲ್ಲವೂ ತಿಳಿದಿರಲೇಬೇಕು.

ಸ್ತನದ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಒಬ್ಬ ತಾಯಿ ದಾಖಲಾಗಿದ್ದರು. "ಬೇರೆ ಕಾಯಿಲೆ ಏನೂ ಇಲ್ಲ" ಎಂದು ಮಗ ಬರೆಸಿದ್ದರು. ಹಿಂದಿನ ರಾತ್ರಿ ಅವರ ಚೀಲದಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಗುಳಿಗೆ ಕಂಡಿತು. ಹೃದಯಕ್ಕೆ ಸ್ಟೆಂಟ್ ಹಾಕಿಸಿದ ಸಂಗತಿ ಆಗ ಹೊರಬಂತು. "ಹೇಳಿದರೆ ಆಪರೇಶನ್ ಮುಂದೆ ಹಾಕುತ್ತಾರೆಂದು ಹೆದರಿದೆ, ಸಿಸ್ಟರ್" ಎಂದರು ಮಗ. ಹೃದಯ ತಜ್ಞರು ಪರೀಕ್ಷಿಸಿದ ಮೇಲೆ, ಕೆಲವು ದಿನ ತಡವಾಗಿ ಶಸ್ತ್ರಚಿಕಿತ್ಸೆ ಸುರಕ್ಷಿತವಾಗಿ ನಡೆಯಿತು. ಗುಳಿಗೆ ಕಣ್ಣಿಗೆ ಬೀಳದಿದ್ದರೆ ಅತಿಯಾದ ರಕ್ತಸ್ರಾವವಾಗುವ ಅಪಾಯವಿತ್ತು.

ಜೊತೆಗಿರುವವರು ಗಮನಿಸಬೇಕಾದದ್ದು:

1. ತೆಗೆದುಕೊಳ್ಳುವ ಎಲ್ಲ ಗುಳಿಗೆ, ಇನ್ಸುಲಿನ್, ಹಳೆಯ ಚೀಟಿಗಳನ್ನು ತನ್ನಿರಿ. ನಾಟಿ ಔಷಧಿ, ಕಷಾಯಗಳನ್ನೂ ತಿಳಿಸಿರಿ.

2. ಯಾವ ಗುಳಿಗೆಯನ್ನೂ ತಾವಾಗಿಯೇ ನಿಲ್ಲಿಸಬೇಡಿರಿ. ಸ್ಟೆಂಟ್ ಇದ್ದವರು ಗುಳಿಗೆ ಬಿಟ್ಟರೆ ಅದು ಕಟ್ಟಿಕೊಳ್ಳಬಹುದು. ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳನ್ನು 3-4 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಯಾವುದು, ಯಾವಾಗ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿರಿ.

3. ಸಕ್ಕರೆ ಹೆಚ್ಚಿದ್ದರೆ ಗಾಯ ಬೇಗ ಮಾಯುವುದಿಲ್ಲ, ಕೀವಾಗಬಹುದು. ಅದನ್ನು ಹತೋಟಿಗೆ ತರಲು ಕೆಲವು ದಿನ ಕಾದರೆ ಅದು ನಿರ್ಲಕ್ಷ್ಯವಲ್ಲ, ಚಿಕಿತ್ಸೆಯ ಭಾಗ.

4. ಬೀಡಿ, ಸಿಗರೇಟು, ತಂಬಾಕನ್ನು ಇಂದೇ ಬಿಡಿಸಿರಿ. ಸಿಸ್ಟರ್ ಕಲಿಸಿದ ಉಸಿರಾಟದ ವ್ಯಾಯಾಮ ಮಾಡಿಸಿರಿ. ಶಕ್ತಿ ಇದ್ದಷ್ಟು ದಿನವೂ ನಡೆಸಿರಿ.

5. ಸಾಮಾನ್ಯವಾಗಿ ಊಟ-ಉಪಾಹಾರ ಕನಿಷ್ಠ 6 ಗಂಟೆ ಮೊದಲು, ಬರಿ ನೀರು 2 ಗಂಟೆ ಮೊದಲು ನಿಲ್ಲಬೇಕು. ತಮ್ಮ ರೋಗಿಯ ವೇಳೆಯನ್ನು ವಾರ್ಡಿನಲ್ಲಿ ಕೇಳಿಕೊಳ್ಳಿರಿ. ಪ್ರೀತಿಯಿಂದಲೂ ಕದ್ದು ಚಹಾ ಕೊಡಬೇಡಿರಿ. ಸಕ್ಕರೆ ಕಾಯಿಲೆಯವರು ಉಪವಾಸದಲ್ಲಿ ಬೆವತು ನಡುಗಿದರೆ, ಮಂಕಾದರೆ ಕೂಡಲೇ ಸಿಸ್ಟರನ್ನು ಕರೆಯಿರಿ.

6. ಶಸ್ತ್ರಚಿಕಿತ್ಸೆಯ ನಂತರ "ಮಲಗಿರಲಿ, ಪಾಪ" ಎನ್ನಬೇಡಿರಿ. ವೈದ್ಯರು ಹೇಳಿದ ಕೂಡಲೇ ಎಬ್ಬಿಸಿ ಕೂರಿಸಿ, ಕೈಹಿಡಿದು ನಡೆಸಿರಿ. ಇದರಿಂದ ಕಫ ಕಟ್ಟುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ.

"ಅಪ್ಪನಿಗೆ ಏನೂ ಹೇಳಬೇಡಿ ಸಿಸ್ಟರ್" ಎಂದು ಅನೇಕರು ಕೇಳಿಕೊಳ್ಳುತ್ತಾರೆ. ಹಿರಿಯರಿಗೆ ಬಹಳ ಸಲ ಆಗಲೇ ಅರ್ಥವಾಗಿರುತ್ತದೆ; ಮಕ್ಕಳು ಅಳುತ್ತಾರೆಂದು ಸುಮ್ಮನಿರುತ್ತಾರೆ. ಪಕ್ಕದಲ್ಲಿ ಕುಳಿತು, "ಏನು ತಿಳಿಯಬೇಕು ಅಪ್ಪಾ?" ಎಂದು ಕೇಳಿರಿ. ಅವರು ಕೇಳಿದಷ್ಟಕ್ಕೆ ನಿಜವನ್ನೇ ಹೇಳಿರಿ. ವೈದ್ಯರಿಗೂ ಹಿರಿಯರಿಗೂ ನಿಜ ತಿಳಿದಿದ್ದರೆ ಚಿಕಿತ್ಸೆಯ ಹಾದಿ ಸುಗಮವಾಗುತ್ತದೆ.