ಸಿಸ್ಟರ್, ಅವರ ಪರವಾಗಿ ನೀವು ಮಾತಾಡಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕ್ಯಾನ್ಸರ್ ರೋಗಿಗಳು ಬೆಳಗಾವಿ, ಮಿರಜ್, ಹುಬ್ಬಳ್ಳಿ ಎಂದು ಅಲೆಯುತ್ತಾರೆ. ಕೊನೆಗೊಂದು ದಿನ ದೊಡ್ಡಾಸ್ಪತ್ರೆಯವರು "ಇನ್ನ ಮನಿಗಿ ಕರಕೊಂಡ ಹೋಗ್ರಿ" ಅಂದುಬಿಡುತ್ತಾರೆ. ಆಮೇಲೆ ಆ ಮನೆಯ ಹೊಸ್ತಿಲು ತುಳಿಯುವವರು ಹೆಚ್ಚಾಗಿ ಉಪಕೇಂದ್ರದ ನರ್ಸ್ ಮತ್ತು ಆಶಾ ಕಾರ್ಯಕರ್ತೆ. ರೋಗಿ ಒಂದು ರಾತ್ರಿ ನೋವಿಲ್ಲದೆ ನಿದ್ದೆ ಮಾಡಿದರೆ ಅದೇ ಈ ಕೆಲಸದ ಯಶಸ್ಸು. ಅದಕ್ಕಾಗಿ ಕೆಲವು ಸೂತ್ರಗಳು.

1. ನೋವನ್ನು ಲೆಕ್ಕ ಹಾಕಿ ಬರೆದಿಡಿ. "ಬಾಳ ನೋವೈತ್ರಿ" ಎಂಬ ಮಾತನ್ನು ಹಾಗೇ ಒಯ್ದು ಹೇಳಿದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಹತ್ತರಲ್ಲಿ ಎಷ್ಟು ಎಂದು ಕೇಳಿ. ಹಿರಿಯರಿಗೆ ಅದು ತಿಳಿಯದಿದ್ದರೆ "ರೂಪಾಯಿಗಿ ಎಷ್ಟಾಣೆ ನೋವೈತ್ರಿ, ಅಜ್ಜಾರ?" ಅನ್ನಿ, ಉತ್ತರ ಥಟ್ಟನೆ ಬರುತ್ತದೆ. ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಊಟಕ್ಕೆ ಬಾಯಿ ತೆರೆಯಲು ಆಯಿತೇ, ಅದನ್ನೂ ಬರೆಯಿರಿ. ಆ ಚೀಟಿ ಹಿಡಿದೇ ಡಾಕ್ಟರ ಮುಂದೆ ನಿಲ್ಲಿ.

2. ಮಾರ್ಫಿನ್ ಹೆಸರಿಗೆ ಹೆದರಬೇಡಿ. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳಲು ಹಿಂದಿನಂತೆ ಹಲವು ಲೈಸೆನ್ಸುಗಳಿಗೆ ಅಲೆಯಬೇಕಾಗಿಲ್ಲ. ಸಾದಾ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ತಾಸಿಗೊಮ್ಮೆ, ಗಡಿಯಾರ ನೋಡಿ ಕೊಡಬೇಕು; ನೋವು ಬಂದ ಮೇಲೆ ಕೊಡುತ್ತೇವೆಂದರೆ ಆಗದು. ಮಲಬದ್ಧತೆ ಆಗೇ ಆಗುತ್ತದೆ, ಅದರ ಔಷಧಿಯನ್ನೂ ಜೊತೆಗೇ ಬರೆಸಿಕೊಳ್ಳಿ. "ಚಟ ಹತ್ತತೈತಿ" ಎಂದು ಮನೆಯವರು ಮಾತ್ರೆ ಅಡಗಿಸಿಡುತ್ತಾರೆ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ನೋವಿಗೆಂದು ಕೊಟ್ಟರೆ ಆ ಭಯ ಬೇಡವೆಂದು ಕೂತು ತಿಳಿಸಿ. ಡಿಸ್ಚಾರ್ಜ್ ಆಗುವ ಮೊದಲೇ "ಈ ಮಾತ್ರೆ ಮುಂದ ಎಲ್ಲಿ ಸಿಗತೈತ್ರಿ?" ಎಂದು ಕೇಳಿಸಿ.

3. ವಾಸನೆ ತೆಗೆಯಿರಿ. ಗುಟ್ಖಾ, ತಂಬಾಕು ತಿಂದು ಬಾಯಿ ಕ್ಯಾನ್ಸರ್ ಆದವರ ಕೆನ್ನೆ ತೂತಾಗಿ ಕೊಳೆತಾಗ ಅವರನ್ನು ಹಿತ್ತಿಲ ಕೋಣೆಗೆ ಸರಿಸುತ್ತಾರೆ. ಮೊಮ್ಮಕ್ಕಳು ಬಾಗಿಲಲ್ಲೇ ನಿಲ್ಲುತ್ತವೆ. ಗಾಯವನ್ನು ಸಲೈನಿನಲ್ಲಿ ಮೆತ್ತಗೆ ತೊಳೆದು, ಡಾಕ್ಟರನ್ನು ಕೇಳಿ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಉದುರಿಸಿ, ಗಾಜ್ ಪಟ್ಟಿ ಹಾಕಿ. ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಸೊಸೆ ಹಾಸಿಗೆಯ ಪಕ್ಕದಲ್ಲೇ ತಾಟು ಇಟ್ಟು ಗಂಜಿ ಕುಡಿಸಲು ಕೂರುತ್ತಾಳೆ. ಅಗ್ಗದ ಒಂದು ಮಾತ್ರೆಗೆ ಇಷ್ಟು ಶಕ್ತಿ ಇರುವಾಗ ಇದನ್ನು ಕಲಿಸದೆ ಬಿಡುವುದು ಅನ್ಯಾಯ.

4. ಮಗನ ಜೊತೆ ಜಗಳ ಬೇಡ. "ಅಪ್ಪಾಗ ಹೇಳಬ್ಯಾಡ್ರಿ ಸಿಸ್ಟರ್, ಎದಿ ಒಡಕೋತಾರ" ಎಂದು ಹೊರಗೆ ಕರೆದು ಹೇಳುವವನದೂ ಪ್ರೀತಿಯೇ. ಆದರೆ ರೋಗಿಗೆ ಕೇಳುವ ಹಕ್ಕಿದೆ. "ಅಜ್ಜಾರ, ನಿಮಗ ಏನಾಗೈತಿ ಅಂತ ಅನಸ್ತೈತ್ರಿ?" ಎಂದು ಕೇಳಿ ಸುಮ್ಮನೆ ಕೂರಿ. ಬಹಳ ಮಂದಿಗೆ ಆಗಲೇ ಗೊತ್ತಿರುತ್ತದೆ. ಹೊಲದ ಸಾಲ, ಮಗಳ ಮದುವೆ, ಮುರಿದ ಅಣ್ಣತಮ್ಮರ ಮಾತು, ಎಲ್ಲ ಆಗ ಹೊರಬರುತ್ತವೆ. ನರ್ಸಾಗಿ ದುಡಿದು ಮುಂದೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ದೇಹ, ಮನಸ್ಸು, ಸಂಸಾರ, ನಂಬಿಕೆ ಎಲ್ಲದರ ನೋವನ್ನೂ ಒಟ್ಟಿಗೇ ನೋಡಬೇಕೆಂದು ವೈದ್ಯಲೋಕಕ್ಕೆ ಕಲಿಸಿದವರು ಅವರು.

5. "ಒಂದ ಸಲೈನ್ ಹಚ್ಚರಿ" ಎಂಬ ಒತ್ತಾಯಕ್ಕೆ ಸಿದ್ಧರಾಗಿರಿ. ಕೊನೆಯ ದಿನಗಳಲ್ಲಿ ಹಸಿವು, ನೀರಡಿಕೆ ಕಡಿಮೆಯಾಗುವುದು ಸಹಜ. ಆಗ ಸಲೈನ್ ಏರಿಸಿದರೆ ಬಾವು, ಗಂಟಲ ಗೊರಗೊರ ಹೆಚ್ಚಬಹುದು. ಒದ್ದೆ ಬಟ್ಟೆಯಿಂದ ತುಟಿ ಒರೆಸುವುದು, ಮಗ್ಗುಲಾಗಿ ಮಲಗಿಸುವುದು, ಇವನ್ನು ಮನೆಯವರ ಕೈಯಿಂದಲೇ ಮಾಡಿಸಿ.

6. ಕಾನೂನು ತಿಳಿದಿರಲಿ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳ ಮಾಡಿತು. ಅದರಂತೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಗುಣವಾಗುವ ಆಸೆ ಇಲ್ಲದಾಗ ವೆಂಟಿಲೇಟರ್ ಬೇಡವೆಂದು ಮೊದಲೇ ಬರೆದಿಡಬಹುದು. ಇಬ್ಬರ ಸಾಕ್ಷಿ ಬೇಕು, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವುದಕ್ಕೆ ಇದರಲ್ಲಿ ಅನುಮತಿಯಿಲ್ಲ. ಈ ಗೊಂದಲವನ್ನು ಮೊದಲು ಬಿಡಿಸಿ.

7. ವಿಭೂತಿ, ಕಲಿಮಾ, ತುಳಸಿ ನೀರು: ಯಾರಿಗೆ ಯಾವುದು ಬೇಕೋ ಅದಕ್ಕೆ ವಾರ್ಡಿನಲ್ಲೂ ಜಾಗ ಕೊಡಿ.

8. ತಾಲೂಕಿನಲ್ಲೇ ಹಾಸಿಗೆ ಕೇಳಿ. ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಮೂಡಲಗಿಯ ಬಡವರಿಗೆ ಅದು ದೂರದ ಮಾತು. ಆದರೆ ಉಪಶಮನ ಆರೈಕೆ, ಅಂದರೆ ನೋವು ಇಳಿಸುವ ಈ ಆರೈಕೆ, ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವಾ ಪಟ್ಟಿಯಲ್ಲೇ ಇದೆ. ತರಬೇತಿ, ಔಷಧಿ, ನಾಲ್ಕು ಹಾಸಿಗೆ ಬೇಕೆಂದು ತಾಲೂಕು ಆರೋಗ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೇಳಿ, ಪ್ರತಿ ಇಟ್ಟುಕೊಳ್ಳಿ.

9. ಸಾವಿನ ನಂತರ ಒಮ್ಮೆ ಹೋಗಿ ಬನ್ನಿ. ಮರಣ ನೋಂದಣಿ 21 ದಿನಗಳೊಳಗೆ ಆಗಬೇಕು. ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ರಾತ್ರಿಯಿಡೀ ಎದ್ದು ಸೇವೆ ಮಾಡಿದ ಹೆಂಗಸಿನ ಬಿಪಿ ಯಾರೂ ನೋಡಿರುವುದಿಲ್ಲ. ಅದನ್ನೂ ನೋಡಿ.